ಪರದೇಶದ ಸಣ್ಣ ನೋಟುಗಳು

ಹಣವನ್ನು ಕೂಡಿಡುವವರು ಲೋಕದಲ್ಲಿ ಬಹುಮಂದಿ ಇರುವರು. ಆದರೆ ಅಂಗಡಿಯಲ್ಲಿ ಒಂದು ಹಿಡಿ ಮಂಡಕ್ಕಿಯೂ ಹುಟ್ಟದಂಥ ಹಣವನ್ನು ಆಸ್ಥೆಯಿಂದ ಕೂಡಿಡುವವರು ವಿರಳ. ನಾವು ಈ ಎರಡನೆಯ ಪಂಗಡಕ್ಕೆ ಸೇರಿದವರು. ದಾವಣಗೆರೆ ಹರಿಹರಗಳ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತವನ್ನು ಬೋಧಿಸಿ ಈಗ ವಿಶ್ರಾಂತಿಯಲ್ಲಿರುವ ನಮ್ಮ ಬಳಿ ನಾನಾ ದೇಶಗಳ ಸಣ್ಣ ಮೊತ್ತದ ನೋಟುಗಳು ಆರುನೂರರ ಸಮೀಪಕ್ಕೆ ಸೇರಿವೆ. ಇವೆಲ್ಲವನ್ನೂ ಒಟ್ಟುಗೂಡಿಸಿ ಮಾರಿದರೂ ಒಂದು ಒಳ್ಳೆಯ ಎಮ್ಮೆಯ ಕ್ರಯ ಬರಲಾರದು. “ಮೇಷ್ಟರಿಗೆ ಈ ವಯಸ್ಸಿನಲ್ಲಿ ಇದೇನು ಹಂಬಲ!” ಎಂದು ನೆರೆಹೊರೆಯವರು ಆಡಿಕೊಳ್ಳುವುದುಂಟು. ಅವರಿಗೆ ಸಮಾಧಾನ ಹೇಳುವುದಕ್ಕೂ, ವಾಚಕ ಮಹಾಶಯರ ಮನೆಗಳಲ್ಲಿ ಇಂತಹ ಕಾಗದಗಳು ಬಿದ್ದಿದ್ದರೆ ಅವನ್ನು ಗುರುತಿಸಿ ಬರೆದಿಡುವ ಕ್ರಮವನ್ನು ತಿಳಿಸುವುದಕ್ಕೂ ಈ ನಾಲ್ಕು ಮಾತುಗಳನ್ನು ಬರೆಯಲು ತೊಡಗಿದ್ದೇವೆ.

ಈ ಹವ್ಯಾಸವು ನಮಗೆ ಅಂಟಿದುದು ವ್ಯಾಕರಣದ ದೆಸೆಯಿಂದ. ಕನ್ನಡದಲ್ಲಿ ಏಕವಚನ ಬಹುವಚನಗಳೆಂದು ವಚನಗಳು ಎರಡೇ. ಸಂಸ್ಕೃತದಲ್ಲಾದರೋ ನಡುವೆ ದ್ವಿವಚನವೊಂದುಂಟು. ಎಂಟನೆಯ ತರಗತಿಯ ಹುಡುಗರಿಗೆ ಇದು ಬೇಡದ ಹೊರೆಯಂತೆ ತೋರುವುದು ಸಹಜ. ಆಗ ನಾವು ಜೇಬಿನಿಂದ ನಮ್ಮ ಸರ್ಕಾರದ ಒಂದು, ಎರಡು ಮತ್ತು ಐದು ರೂಪಾಯಿಗಳ ನೋಟುಗಳನ್ನು ತೆಗೆದು, ಅವುಗಳ ಹಿಂಬದಿಯಲ್ಲಿ ಸಾಲಾಗಿ ಅಚ್ಚಾಗಿರುವ ಭಾಷೆಗಳ ಪಟ್ಟಿಯನ್ನು ತೋರಿಸುತ್ತಿದ್ದೆವು. ಒಂದರಲ್ಲಿ ‘ಏಕರೂಪ್ಯಕಮ್’ ಎಂದೂ, ಎರಡರಲ್ಲಿ ‘ದ್ವೇ ರೂಪ್ಯಕೇ’ ಎಂದೂ, ಐದರಲ್ಲಿ ‘ಪಂಚರೂಪ್ಯಕಾಣಿ’ ಎಂದೂ ಇರುವುದನ್ನು ಕಂಡು ಮಕ್ಕಳು ಬೆರಗಾಗುತ್ತಿದ್ದರು. ಹೊತ್ತಗೆಯಲ್ಲಿ ಸತ್ತಂತೆ ಬಿದ್ದಿದ್ದ ದ್ವಿವಚನವು ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆಯಲ್ಲಾ ಎಂಬುದು ಅವರ ಬೆರಗಿಗೆ ಕಾರಣ. ೧೯೯೫ರಲ್ಲಿ ಎರಡು ರೂಪಾಯಿನ ನೋಟಿನ ಮುದ್ರಣವು ನಿಂತಿತು. ನಮ್ಮ ದೇಶದ ನಾಣ್ಯವ್ಯವಹಾರದಲ್ಲಿ ದ್ವಿವಚನಕ್ಕಿದ್ದ ಆಶ್ರಯವೂ ಅಲ್ಲಿಗೆ ತಪ್ಪಿತು. ಆದರೆ ಅಷ್ಟರೊಳಗೆ ಹುಡುಗರು ತಮ್ಮ ಮನೆಗಳಲ್ಲಿದ್ದ ವಿಚಿತ್ರವಾದ ನೋಟುಗಳನ್ನು “ಇದರಲ್ಲಿ ಏನು ಬರೆದಿದೆ, ಸಾರ್?” ಎಂದು ತಂದು ತೋರಿಸುವ ವಾಡಿಕೆ ಬಿದ್ದುಹೋಗಿತ್ತು. ಗಲ್ಫ್ ಸೀಮೆಗೆ ದುಡಿಯಲು ಹೋದ ತಂದೆ, ಸಿಂಗಪುರಕ್ಕೆ ಹೋದ ಚಿಕ್ಕಪ್ಪ, ನೇಪಾಳದ ಯಾತ್ರೆಗೆ ಹೋದ ಅಜ್ಜಿ, ಹೀಗೆ ಒಬ್ಬೊಬ್ಬರ ಜೇಬಿನಲ್ಲಿ ಉಳಿದು ಬಂದ ಚಿಲ್ಲರೆಯೇ ನಮ್ಮ ಸಂಗ್ರಹಕ್ಕೆ ಬೀಜವಾಯಿತು.

ಪರದೇಶದ ನೋಟನ್ನು ನೋಡುವುದಕ್ಕೆ ಮುಂಚೆ ಸ್ವದೇಶದ ಒಂದು ರೂಪಾಯಿನ ನೋಟನ್ನು ಸರಿಯಾಗಿ ನೋಡಿದವನಿಗೆ ಈ ವಿದ್ಯೆಯ ಅರ್ಧಭಾಗ ಬಂದಂತೆಯೇ. ಈ ನೋಟು ಮೊದಲು ಹೊರಟುದು ೧೯೧೭ನೆಯ ಇಸವಿ ನವೆಂಬರ್ ೩೦ನೆಯ ದಿನ. ಯೂರೋಪಿನ ಮಹಾಯುದ್ಧದ ನಿಮಿತ್ತ ಬೆಳ್ಳಿಯು ಸಾಲದಾಗಲು, ಸರ್ಕಾರದವರು ಬೆಳ್ಳಿಯ ರೂಪಾಯಿನ ಚಿತ್ರವನ್ನು ಕಾಗದದ ಮೇಲೆ ಅಚ್ಚುಮಾಡಿ, ಇಪ್ಪತ್ತೈದು ನೋಟುಗಳನ್ನು ಒಂದು ಪುಸ್ತಕವಾಗಿ ಹೊಲಿದು ಹೊರಡಿಸಿದರು. ಮರುವರ್ಷವೇ ಎರಡು ರೂಪಾಯಿ ಎಂಟಾಣೆಯ ನೋಟೊಂದು ಬಂದಿತು. ೧೯೨೬ರಲ್ಲಿ ಎರಡೂ ನಿಂತುಹೋದವು. ಎರಡನೆಯ ಮಹಾಯುದ್ಧವು ಬರಲಾಗಿ ೧೯೪೦ರಲ್ಲಿ ಒಂದು ರೂಪಾಯಿನ ನೋಟು ಮರಳಿ ಹುಟ್ಟಿತು. ೧೯೯೪ರಲ್ಲಿ ಅದರ ಮುದ್ರಣ ನಿಂತು, ೨೦೧೫ರಲ್ಲಿ ಪುನಃ ಮೊದಲಾಯಿತು. ಇದರಲ್ಲಿ ಗಮನಿಸತಕ್ಕ ವಿಶೇಷವೊಂದಿದೆ. ಹತ್ತು ರೂಪಾಯಿನ ನೋಟನ್ನು ಹೊರಡಿಸುವವರು ರಿಜರ್ವ್ ಬ್ಯಾಂಕಿನವರು. ಅದಕ್ಕೆ ರುಜು ಹಾಕುವವರು ಆ ಬ್ಯಾಂಕಿನ ಗವರ್ನರರು. ಒಂದು ರೂಪಾಯಿನ ನೋಟಾದರೋ ಭಾರತ ಸರ್ಕಾರದ್ದು; ಅದರ ರುಜು ಹಣಕಾಸಿನ ಇಲಾಖೆಯ ಕಾರ್ಯದರ್ಶಿಗಳದು. ಆದಕಾರಣ ‘ಧಾರಕನಿಗೆ ಇಷ್ಟು ರೂಪಾಯಿ ಕೊಡುವೆನು’ ಎಂಬ ವಾಗ್ದಾನವು ಅದರಲ್ಲಿ ಇಲ್ಲ. ಮನೆಯ ಯಜಮಾನರು ತಮ್ಮ ಮಕ್ಕಳಿಗೆ ಎರಡು ನೋಟುಗಳನ್ನೂ ಪಕ್ಕಪಕ್ಕದಲ್ಲಿ ಹಿಡಿದು ಈ ಭೇದವನ್ನು ತೋರಿಸಬಹುದು.

ಕನ್ನಡದ ಅಕ್ಷರವು ನೋಟುಗಳ ಮೇಲೆ ಎಲ್ಲೆಲ್ಲಿ ಕುಳಿತಿದೆಯೆಂದು ಹುಡುಕುವುದೂ ಒಂದು ಸಂತೋಷದ ಕೆಲಸ. ನಮ್ಮ ಇಂದಿನ ನೋಟುಗಳ ಹಿಂಬದಿಯ ಪಟ್ಟಿಯಲ್ಲಿ ಹದಿನೈದು ಭಾಷೆಗಳಿವೆ. ಇಂಗ್ಲೀಷಿನ ಅಕಾರಾದಿಯಂತೆ ಜೋಡಿಸಿರುವುದರಿಂದ ಅಸ್ಸಾಮಿ, ಬಂಗಾಳಿ, ಗುಜರಾತಿಗಳಾದ ಬಳಿಕ ಕನ್ನಡವು ನಾಲ್ಕನೆಯ ಸಾಲಿನಲ್ಲಿ ಬರುತ್ತದೆ. ಹೈದರಾಬಾದಿನ ನಿಜಾಮ ಸರ್ಕಾರದವರು ೧೯೧೮ರಿಂದ ತಮ್ಮದೇ ಆದ ನೋಟುಗಳನ್ನು ಹೊರಡಿಸಿದರಷ್ಟೆ. ಅವುಗಳಲ್ಲಿ ಉರ್ದು, ತೆಲುಗು, ಮರಾಠಿಗಳೊಡನೆ ಕನ್ನಡವೂ ಉಂಟು. ಕಲಬುರಗಿ, ರಾಯಚೂರು, ಬೀದರದ ಪ್ರಜೆಗಳು ಆ ರಾಜ್ಯದಲ್ಲಿದ್ದುದೇ ಇದಕ್ಕೆ ಕಾರಣ. ೨೦೧೭ರಲ್ಲಿ ಹೊರಟ ಐವತ್ತು ರೂಪಾಯಿನ ಹೊಸ ನೋಟಿನ ಹಿಂದೆ ಹಂಪೆಯ ಕಲ್ಲಿನ ರಥವಿದೆ. ಹರಿಹರದಲ್ಲಿ ನಾವು ಮೀಯುವ ತುಂಗಭದ್ರೆಯೇ ಕೆಳಗೆ ಹರಿದು ಆ ರಥದ ಊರನ್ನು ಸೇರುವುದು. ಮೈಸೂರಿನಲ್ಲಿ ರಿಜರ್ವ್ ಬ್ಯಾಂಕಿನ ಅಧೀನದ ಸಂಸ್ಥೆಯೊಂದು ನೋಟುಗಳ ಮುದ್ರಣಾಲಯವನ್ನು ನಡಸುತ್ತಿದೆ. ನೋಟಿನ ಕಾಗದವು ಮರದ ತಿರುಳಿನದಲ್ಲ, ಹತ್ತಿಯ ನಾರಿನದು. ಹತ್ತಿಯ ಗಿರಣಿಗಳಿಂದ ಹೆಸರುವಾಸಿಯಾಗಿದ್ದ ದಾವಣಗೆರೆಯವರಾದ ನಮಗೆ ಈ ಸಂಗತಿಯು ವಿಶೇಷವಾಗಿ ಹಿತವಾಯಿತು. ಅಂಗಿಯ ಜೇಬಿನಲ್ಲಿ ಮರೆತು ಅಗಸೆಗೆ ಹೋದ ನೋಟು ಹರಿಯದೆ ಬರುವುದು ಈ ಹತ್ತಿಯ ಮಹಿಮೆಯಿಂದಲೇ.

ಇನ್ನು ಗುರುತಿಸುವ ವಿಷಯ. ತರ್ಕಶಾಸ್ತ್ರವನ್ನು ಓದುವ ಬಾಲಕರಿಗೆ ಮೊದಲು ಹೇಳಿಕೊಡುವುದು ಲಕ್ಷಣದ ಮೂರು ದೋಷಗಳನ್ನು. ಹಸುವೆಂದರೆ ಕೊಂಬುಳ್ಳದ್ದು ಎಂದರೆ ಎಮ್ಮೆಗೂ ಆ ಲಕ್ಷಣ ಹರಡುತ್ತದೆ, ಇದು ಅತಿವ್ಯಾಪ್ತಿ. ಹಸುವೆಂದರೆ ಕಪಿಲವರ್ಣವುಳ್ಳದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ; ಇದು ಅವ್ಯಾಪ್ತಿ. ಹಸುವೆಂದರೆ ಒಂಟಿಗೊರಸುಳ್ಳದ್ದು ಎಂದರೆ ಯಾವ ಹಸುವಿಗೂ ಸಲ್ಲದು, ಇದು ಅಸಂಭವ. ನೋಟುಗಳನ್ನು ಗುರುತಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾವು ಕಾಣೆವು. ‘ರಾಣಿ ಎಲಿಜಬೆತ್ತಳ ಮುಖವಿದ್ದರೆ ಅದು ಇಂಗ್ಲೆಂಡಿನ ನೋಟು’ ಎನ್ನುವವರು ಅತಿವ್ಯಾಪ್ತಿಗೆ ಸಿಕ್ಕುವರು; ಏಕೆಂದರೆ ಆಕೆಯ ಮುಖವು ಕೆನಡಾ, ಆಸ್ಟ್ರೇಲಿಯ, ಫಿಜಿ, ಬೆಲೀಜ್ ಮೊದಲಾದ ಅನೇಕ ದೇಶಗಳ ನೋಟುಗಳಲ್ಲಿ ಅಚ್ಚಾಗಿದೆ. ‘ಅರಬೀ ಲಿಪಿಯಿದ್ದರೆ ಅರಬರ ದೇಶದ್ದು’ ಎಂಬುದೂ ಹಾಗೆಯೇ. ಇರಾನಿನ ಪಾರಸಿಯೂ ಆಫ್ಘನಿಸ್ತಾನದ ಪಷ್ತೂ ಪಾಕಿಸ್ತಾನದ ಉರ್ದುವೂ ಅದೇ ಲಿಪಿಯ ಸಂತಾನ. ಅಂಕಿಗಳನ್ನು ನೋಡಿದರೆ ಬಹಳಮಟ್ಟಿಗೆ ಸಂದೇಹ ಪರಿಹಾರವಾಗುತ್ತದೆ: ನಾಲ್ಕು, ಐದು, ಆರು ಎಂಬ ಅಂಕಿಗಳ ಆಕಾರವು ಅರಬರಲ್ಲಿ ಒಂದು ಬಗೆ, ಪಾರಸಿಯವರಲ್ಲಿ ಬೇರೊಂದು ಬಗೆ. ‘ರೂಪಾಯಿ ಎಂದಿದ್ದರೆ ಭಾರತದ್ದು’ ಎಂಬುದಂತೂ ಸಲ್ಲದೇ ಸಲ್ಲದು. ಸಂಸ್ಕೃತದ ‘ರೂಪ್ಯ’ ಶಬ್ದವು ನೇಪಾಳ, ಪಾಕಿಸ್ತಾನ, ಸಿಂಹಳ, ಮಾರಿಷಸ್, ಸೆಶೆಲ್ಸ್‌ಗಳಲ್ಲಿ ರೂಪಾಯಿಯಾಗಿಯೂ, ಮಾಲದ್ವೀಪದಲ್ಲಿ ರುಫಿಯಾ ಆಗಿಯೂ, ಇಂಡೋನೇಷ್ಯದಲ್ಲಿ ರುಪಿಯಾ ಆಗಿಯೂ ಸಂಸಾರ ಹೂಡಿದೆ.

ಅವ್ಯಾಪ್ತಿಗೆ ಉದಾಹರಣೆ ಬೇಕೆ? ‘ಪ್ರತಿಯೊಂದು ನೋಟಿನಲ್ಲಿಯೂ ಅದು ನಡೆಯುವ ದೇಶದ ಹೆಸರಿರುತ್ತದೆ’ ಎಂದು ನಂಬಿದ್ದವರು ದಾವಣಗೆರೆಯ ಮಿತ್ರರೊಬ್ಬರು. ಅವರ ತಾತನವರು ಸೈನ್ಯದಲ್ಲಿದ್ದವರು. ಅವರ ಪೆಟ್ಟಿಗೆಯಲ್ಲಿ ಸಿಕ್ಕಿದ ಕಾಲು ರೂಪಾಯಿನ ನೋಟೊಂದರಲ್ಲಿ ಜಪಾನೀ ಸರ್ಕಾರವೆಂಬುದಿತ್ತೇ ಹೊರತು ದೇಶದ ಹೆಸರಿರಲಿಲ್ಲ. ಜಪಾನಿನಲ್ಲಿ ರೂಪಾಯಿ ಎಲ್ಲಿಯದು ಎಂಬುದು ಅವರ ಪ್ರಶ್ನೆ. ಗುಟ್ಟು ಇರುವುದು ಮೂಲೆಯ ಅಕ್ಷರದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ತಾವು ಆಕ್ರಮಿಸಿದ ಸೀಮೆಗಳಿಗಾಗಿ ಅಚ್ಚುಹಾಕಿದ ನೋಟುಗಳಲ್ಲಿ ಸೀಮೆಗೊಂದು ಇಂಗ್ಲೀಷ್ ಅಕ್ಷರವನ್ನು ಇಟ್ಟಿದ್ದರು: ಬರ್ಮಕ್ಕೆ ‘ಬಿ’, ಮಲಯಕ್ಕೆ ‘ಎಂ’, ಫಿಲಿಪೀನ್ಸಿಗೆ ‘ಪಿ’. ಮಿತ್ರರ ನೋಟಿನಲ್ಲಿದ್ದುದು ‘ಬಿ’. ತಾತನವರು ಬರ್ಮದ ಯುದ್ಧಕ್ಕೆ ಹೋಗಿದ್ದರೆಂಬ ಮನೆಯ ಮಾತಿಗೆ ಹೀಗೆ ಒಂದು ಸಾಕ್ಷಿ ದೊರೆತಂತಾಯಿತು. ಇನ್ನು ಅಸಂಭವಕ್ಕೆ ಉದಾಹರಣೆ: ರಿಜರ್ವ್ ಬ್ಯಾಂಕಿನ ಗವರ್ನರರ ರುಜುವುಳ್ಳ ಒಂದು ರೂಪಾಯಿನ ನೋಟು. ಯಾರಾದರೂ ಅದನ್ನು ಮಾರಲು ತಂದರೆ ಆ ಮನುಷ್ಯನನ್ನೇ ಮೊದಲು ಪರೀಕ್ಷಿಸಬೇಕು.

ಕಾಲನಿರ್ಣಯವು ಇದಕ್ಕಿಂತ ಸೂಕ್ಷ್ಮವಾದುದು. ಸೌದಿ ಅರೇಬಿಯದ ಹಳೆಯ ಒಂದು ರಿಯಾಲಿನ ನೋಟಿನಲ್ಲಿ ೧೩೭೯ ಎಂಬ ವರ್ಷವಿದೆ. ಆಫ್ಘನಿಸ್ತಾನದ ಒಂದು ಆಫ್ಘಾನಿಯ ನೋಟಿನಲ್ಲಿ ೧೩೮೧ ಎಂದಿದೆ. ಎರಡೂ ಹಿಜರೀ ವರ್ಷಗಳೇ. ಎರಡಕ್ಕೂ ನಡುವೆ ಎರಡೇ ವರ್ಷಗಳ ಅಂತರವೆಂದು ತೋರುವುದಲ್ಲವೆ? ವಾಸ್ತವದಲ್ಲಿ ಅಂತರವು ನಲವತ್ತು ವರ್ಷಗಳಿಗೂ ಮಿಗಿಲು. ಸೌದಿಯವರ ಗಣನೆ ಚಾಂದ್ರಮಾನ. ಅವರ ೧೩೭೯ ಎಂದರೆ ಕ್ರಿಸ್ತಶಕ ೧೯೫೯–೬೦. ಆಫ್ಘನರ ಆ ನೋಟಿನ ಗಣನೆ ಸೌರಮಾನ. ಅವರ ೧೩೮೧ಕ್ಕೆ ೬೨೧ನ್ನು ಕೂಡಿಸಿದರೆ ೨೦೦೨ ಬರುತ್ತದೆ. ಯುಗಾದಿಯನ್ನು ಎರಡು ಮಾನಗಳಲ್ಲಿಯೂ ಆಚರಿಸುವ ದೇಶದಲ್ಲಿ ಹುಟ್ಟಿದ ನಮಗೆ ಇದು ಅರ್ಥವಾಗದ ವಿಷಯವೇನೂ ಅಲ್ಲ. ಮತ್ತೊಂದು ಎಚ್ಚರಿಕೆ: ನೋಟಿನಲ್ಲಿ ಕಾಣುವ ವರ್ಷವು ಎಷ್ಟೋ ಸಲ ಅದನ್ನು ಅಚ್ಚುಹಾಕಿದ ವರ್ಷವಾಗಿರುವುದಿಲ್ಲ, ಅದಕ್ಕೆ ಆಧಾರವಾದ ಶಾಸನವನ್ನು ಮಾಡಿದ ವರ್ಷವಾಗಿರುತ್ತದೆ. ಸೌದಿಯವರ ೧೩೭೯ ಅಂತಹುದೇ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದರ ಪ್ರಯೋಜನ ಕಂಡುಬರುವುದು.

‘ಸಣ್ಣ ನೋಟು’ ಎಂದರೆ ಯಾವುದು ಎಂಬುದೂ ವಿಚಾರಾರ್ಹವೇ. ಅಂಕಿಯು ಸಣ್ಣದಾದರೆ ಸಣ್ಣ ನೋಟು ಎನ್ನೋಣವೆಂದರೆ ಜಿಂಬಾಬ್ವೆಯು ಅಡ್ಡಬರುತ್ತದೆ. ೨೦೦೯ರ ಜನವರಿಯಲ್ಲಿ ಆ ದೇಶದವರು ಒಂದರ ಮುಂದೆ ಹದಿನಾಲ್ಕು ಸೊನ್ನೆಗಳುಳ್ಳ ಡಾಲರಿನ ನೋಟನ್ನು ಹೊರಡಿಸಿದರು. ನಮ್ಮ ಬಳಿಗೆ ಅದನ್ನು ತಂದ ಹುಡುಗನಿಗೆ ಅಷ್ಟನ್ನು ಓದಲು ಬಾಯಿ ಬರಲಿಲ್ಲ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಹೇಳಿರುವ ಸ್ಥಾನಗಳ ಹೆಸರುಗಳನ್ನು ಎಣಿಸಿದೆವು: ಏಕ, ದಶ, ಶತ, ಸಹಸ್ರ, ಅಯುತ, ಲಕ್ಷ, ಪ್ರಯುತ, ಕೋಟಿ ಎಂದು ಮೊದಲುಮಾಡಿ ಅರ್ಬುದ, ಅಬ್ಜ, ಖರ್ವ, ನಿಖರ್ವ, ಮಹಾಪದ್ಮ, ಶಂಕುಗಳನ್ನು ದಾಟಿದರೆ ಹದಿನಾಲ್ಕು ಸೊನ್ನೆಗಳ ಸ್ಥಾನಕ್ಕೆ ‘ಜಲಧಿ’ ಎಂದು ಹೆಸರು. ಕಡಲೆಂಬ ಹೆಸರಿನ ಆ ಮೊತ್ತಕ್ಕೆ ೨೦೧೫ರಲ್ಲಿ ಆ ಸರ್ಕಾರದವರೇ ಕಟ್ಟಿದ ಬೆಲೆಯನ್ನು ಕೇಳಿರಿ: ಬ್ಯಾಂಕಿನಲ್ಲಿದ್ದ ಇಂತಹ ೧೭೫೦ ಜಲಧಿಗಳಿಗೆ, ಅಂದರೆ ೧೭೫೦ ನೋಟುಗಳ ಮೊತ್ತಕ್ಕೆ, ಐದು ಅಮೆರಿಕದ ಡಾಲರುಗಳು! ಇದಕ್ಕೆ ಪ್ರತಿಯಾಗಿ ಹಾಂಗ್‌ಕಾಂಗಿನವರು ಒಂದು ಸೆಂಟಿನ ನೋಟನ್ನು ಹೊರಡಿಸಿದ್ದರು. ಅಂಗೈಯಗಲವೂ ಇಲ್ಲದ, ಹಿಂಬದಿಯಲ್ಲಿ ಏನನ್ನೂ ಅಚ್ಚುಹಾಕದ ಆ ಚೀಟಿಯು ೧೯೯೫ರವರೆಗೂ ಕಾನೂನಿಗೆ ಸಮ್ಮತವಾದ ಹಣವಾಗಿತ್ತು. ಆದುದರಿಂದ ಅಂಕಿಯನ್ನು ಬಿಟ್ಟು, ಆಯಾ ದೇಶದ ಬಡವನು ದಿನದಿನವೂ ಕೈಯಲ್ಲಿ ಹಿಡಿಯುವ ನೋಟೇ ಸಣ್ಣ ನೋಟು ಎಂದು ನಾವು ಲಕ್ಷಣವನ್ನು ಕಟ್ಟಿಕೊಂಡಿದ್ದೇವೆ.

ಇಂತಹ ನೋಟುಗಳು ದೇಶದ ಒಳಮನಸ್ಸನ್ನು ತೋರಿಸುತ್ತವೆ. ಬಾಂಗ್ಲಾದೇಶದ ಹಳೆಯ ಎರಡು ಟಾಕಾ ನೋಟಿನಲ್ಲಿ ಒಂದು ಮಗ್ಗುಲಿಗೆ ಪುಟ್ಟ ಹಕ್ಕಿಯೊಂದಿದ್ದರೆ ಇನ್ನೊಂದಕ್ಕೆ ೧೯೫೨ರಲ್ಲಿ ತಾಯ್ನುಡಿಗಾಗಿ ಪ್ರಾಣಕೊಟ್ಟವರ ಸ್ಮಾರಕ. ಬೆಲರೂಸ್ ದೇಶದವರು ೧೯೯೨ರಲ್ಲಿ ಹೊರಡಿಸಿದ ಸಣ್ಣ ನೋಟುಗಳಲ್ಲಿ ಅಳಿಲು, ಮೊಲ, ತೋಳಗಳಿದ್ದವು; ನಮ್ಮ ಮೊಮ್ಮಗಳು ಪಂಚತಂತ್ರವನ್ನು ಕೇಳುವಾಗ ಅವನ್ನು ಮುಂದಿಟ್ಟುಕೊಳ್ಳುವಳು. ಸಿಂಗಪುರದ ಎರಡು ಡಾಲರಿನ ನೋಟಿನ ಹಿಂದೆ ಶಾಲೆಯೂ ವಿದ್ಯಾರ್ಥಿಗಳೂ ಇರುವರು. ೧೯೯೮ರ ಇಂಡೋನೇಷ್ಯದ ಇಪ್ಪತ್ತು ಸಾವಿರ ರುಪಿಯಾ ನೋಟಿನಲ್ಲಿ ಆ ದೇಶದ ವಿದ್ಯಾಪ್ರಚಾರಕರಾದ ಕಿ ಹಜರ್ ದೇವಾಂತರರ ಪಕ್ಕದಲ್ಲಿ ನಮ್ಮ ಗಣಪತಿಯು ಕುಳಿತಿರುವನು. ಅಕ್ಷರಗಳ ಪಂಕ್ತಿಯೂ ಸಾಮಾನ್ಯವಾದುದಲ್ಲ. ಮಾರಿಷಸ್ಸಿನವರು ೧೯೯೮ರಲ್ಲಿ ತಮಿಳಿಗಿಂತ ಮೊದಲು ನಾಗರಿಯನ್ನಿಟ್ಟು ನೋಟು ಹೊರಡಿಸಲು, ಅಲ್ಲಿಯ ತಮಿಳರು ಆಕ್ಷೇಪಿಸಿದರು. ಮರುವರ್ಷವೇ ಕ್ರಮವನ್ನು ತಿದ್ದಿ ಬೇರೆ ನೋಟುಗಳನ್ನು ತರಬೇಕಾಯಿತು.

ಗುರುತಿಸಿದ ಬಳಿಕ ಬರೆದಿಡಬೇಕು. ಪ್ರಪಂಚದ ನೋಟುಗಳಿಗೆಲ್ಲ ಕ್ರಮಸಂಖ್ಯೆಯನ್ನು ಕೊಟ್ಟು ಪಟ್ಟಿಮಾಡಿದ ಮಹಾನುಭಾವರು ಜರ್ಮನಿಯ ಆಲ್ಬರ್ಟ್ ಪಿಕ್ ಎಂಬುವರು. ಅವರ ಹೆಸರಿನ ಇಂಗ್ಲೀಷ್ ಸೂಚಿಗ್ರಂಥವು ೧೯೭೫ರಲ್ಲಿ ಹೊರಬಿದ್ದಿತು; ಇಂದಿಗೂ ಸಂಗ್ರಾಹಕರು ‘ಪಿಕ್ ಸಂಖ್ಯೆ’ಯಿಂದಲೇ ನೋಟನ್ನು ಹೆಸರಿಸುವರು. ನಾವಾದರೋ ಕನ್ನಡದ ವರ್ಣಮಾಲೆಯಂತೆ ದೇಶಗಳನ್ನು ಜೋಡಿಸಿ, ಒಂದು ದಪ್ಪ ಲೆಕ್ಕದ ಪುಸ್ತಕದಲ್ಲಿ ಎಂಟು ಅಂಕಣಗಳನ್ನು ಗೆರೆಯೆಳೆದುಕೊಂಡಿದ್ದೇವೆ: ದೇಶ, ಹೊರಡಿಸಿದವರು, ಮೊತ್ತ, ವರ್ಷ, ರುಜು ಮತ್ತು ಕ್ರಮಾಂಕ, ಅಳತೆ ಮತ್ತು ಬಣ್ಣ, ಸ್ಥಿತಿ, ಬಂದ ಬಗೆ. ಸ್ಥಿತಿಯನ್ನು ನೂತನ, ಉತ್ತಮ, ಮಧ್ಯಮ, ಜೀರ್ಣ, ಶೀರ್ಣವೆಂದು ಐದಾಗಿ ವಿಂಗಡಿಸಿದ್ದೇವೆ. ನೋಟಿನ ಮೇಲೆ ಏನನ್ನೂ ಬರೆಯಕೂಡದು. ಹರಿದಿದ್ದರೆ ಅಂಟುಪಟ್ಟಿ ಹಚ್ಚಕೂಡದು. ತೊಳೆದು ಇಸ್ತ್ರಿ ಮಾಡಕೂಡದು. ಎರಡು ಹಾಳೆಗಳ ನಡುವೆ ಬೇಯಿಸುವ ಲ್ಯಾಮಿನೇಷನ್ನನ್ನು ಎಂದಿಗೂ ಮಾಡಿಸಕೂಡದು. ಪೀವೀಸಿ ಎಂಬ ಜಾತಿಯ ಪ್ಲಾಸ್ಟಿಕ್ಕಿನ ಆಲ್ಬಮುಗಳು ಕಾಲಕ್ರಮದಲ್ಲಿ ಬೆವರಿ ನೋಟನ್ನು ಕೆಡಿಸುವುವು. ಪಾಲಿಯೆಸ್ಟರಿನ ಚೀಲಗಳು ಲೇಸು.

ಇದರಿಂದ ಯಾರಿಗೇನು ಉಪಕಾರವೆಂದು ಕೇಳುವವರಿಗೆ ಈಚೆಗೆ ಹರಿಹರದಲ್ಲಿ ನಡೆದುದನ್ನು ಹೇಳುತ್ತೇವೆ. ಅಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ಮನೆಯಿದೆ. ಅವನ ತಂದೆ ಲೇತಿನ ಕೆಲಸದಲ್ಲಿ ನಿಪುಣರು. ಎಂಬತ್ತರ ದಶಕದಲ್ಲಿ ಕುವೈತಿಗೆ ಹೋಗಿ ದುಡಿಯುತ್ತಿದ್ದವರು, ೧೯೯೦ರಲ್ಲಿ ಬರಿಗೈಯಲ್ಲಿ ಮರಳಿ, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಅವರ ಟ್ರಂಕಿನಲ್ಲಿ ದಾರದಿಂದ ಬಿಗಿದ ಒಂದು ಕಟ್ಟು ಕುವೈತಿನ ನೋಟುಗಳಿದ್ದುವು. ಮನೆಯಾಕೆಯು ಅದನ್ನು ದೇವರ ಗೂಡಿನಲ್ಲಿಟ್ಟು ಕಾಪಾಡಿಕೊಂಡಿದ್ದರು. ಮೊಮ್ಮಗಳಿಗೆ ಕಾಲೇಜಿನ ಶುಲ್ಕ ಕಟ್ಟುವ ಹೊತ್ತು ಬಂದಾಗ, ಹಳೆಯ ನೋಟುಗಳನ್ನು ಲಕ್ಷಾಂತರ ರೂಪಾಯಿಗಳಿಗೆ ಕೊಳ್ಳುವೆವೆಂಬ ಜಾಹೀರಾತೊಂದು ಅವರ ಮೊಬೈಲಿನಲ್ಲಿ ಕಾಣಿಸಿಕೊಂಡಿತು. ಮೇಲಿನ ಒಂದು ನೋಟಿನ ಚಿತ್ರವನ್ನು ಕಳುಹಿಸಿದುದಕ್ಕೆ, “ಇದು ೧೯೬೮ರ ಅಪೂರ್ವವಾದ ನೋಟು, ಕಟ್ಟಿಗೆ ಐದು ಲಕ್ಷ ಕೊಡುವೆವು, ಮೊದಲು ನೋಂದಣಿಗೆ ಒಂದೂವರೆ ಸಾವಿರ ಕಳುಹಿಸಿರಿ” ಎಂದು ಉತ್ತರ ಬಂದಿತು. ಅದನ್ನು ಕಳುಹಿಸಿದರು. ತರುವಾಯ ರಿಜರ್ವ್ ಬ್ಯಾಂಕಿನ ತೆರಿಗೆಯೆಂದು ಹದಿನೆಂಟು ಸಾವಿರವನ್ನು ಕೇಳಿದರು. ಶುಲ್ಕಕ್ಕಾಗಿ ಕೂಡಿಸಿದ್ದ ಹಣವೇ ಅಷ್ಟು. ಅದನ್ನು ಕಳುಹಿಸುವ ಮುನ್ನ ಒಂದು ಮಾತು ಮೇಷ್ಟರನ್ನು ಕೇಳೋಣವೆಂದು ಆ ಹುಡುಗಿಗೆ ತೋಚಿದುದು ದೈವಕೃಪೆ. ನಾವು ಅಂದೇ ಬಸ್ಸು ಹಿಡಿದು ಹರಿಹರಕ್ಕೆ ಹೋದೆವು.

ಕಟ್ಟನ್ನು ಬಿಚ್ಚದೆಯೇ ಮೇಲಿನ ನೋಟನ್ನು ನೋಡಿದೆವು. ಕಾಲು ದಿನಾರು. ೧೯೬೮ ಎಂಬ ವರ್ಷವು ಅರಬೀ ಅಂಕಿಗಳಲ್ಲಿ ಇದ್ದುದು ನಿಜ. ಆದರೆ ಅದು ಶಾಸನದ ವರ್ಷ. ಅದೇ ಶಾಸನದ ಮೇಲೆ ಕುವೈತಿನವರು ಹಲವು ಶ್ರೇಣಿಗಳ ನೋಟುಗಳನ್ನು ಹೊರಡಿಸಿರುವರು. ಅಮೀರರ ಮುಖವುಳ್ಳದ್ದು ಎರಡನೆಯ ಶ್ರೇಣಿ, ಇದರಲ್ಲಿದ್ದುದು ರಾಜ್ಯಲಾಂಛನ. ಹಾಗಾದರೆ ಮೂರನೆಯದಿರಬೇಕು, ಇಲ್ಲವೆ ಅದೇ ಚಿತ್ರವನ್ನು ಬೇರೆ ಬಣ್ಣಗಳಲ್ಲಿ ಅಚ್ಚುಹಾಕಿದ ನಾಲ್ಕನೆಯದಿರಬೇಕು. ನಾಲ್ಕನೆಯದು ಹೊರಟುದು ೧೯೯೧ರ ಮಾರ್ಚಿ ೨೪ರಂದು. ಯಜಮಾನರು ೧೯೯೦ರಲ್ಲಿಯೇ ಊರಿಗೆ ಬಂದವರು, ಮತ್ತೆ ಹೋಗಲಿಲ್ಲ. ಆದುದರಿಂದ ಇದು ಮೂರನೆಯದೇ. ಬಣ್ಣವನ್ನು ಸೂಚಿಗ್ರಂಥದ ಚಿತ್ರದೊಡನೆ ಹೋಲಿಸಲು ಅನುಮಾನವು ಸ್ಥಿರವಾಯಿತು. ೧೯೯೦ರ ಆಗಸ್ಟ್ ೨ರಂದು ಇರಾಕಿನ ಸೈನ್ಯವು ಕುವೈತನ್ನು ಆಕ್ರಮಿಸಿ, ಅಲ್ಲಿಯ ಕೇಂದ್ರ ಬ್ಯಾಂಕಿನಲ್ಲಿದ್ದ ನೋಟುಗಳನ್ನು ಕೊಳ್ಳೆಹೊಡೆಯಿತಷ್ಟೆ. ಕೊಳ್ಳೆಯ ನೋಟುಗಳು ನಡೆಯದಂತೆ ಮಾಡಲು, ಬಿಡುಗಡೆಯಾದ ಕುವೈತಿನವರು ಮೂರನೆಯ ಶ್ರೇಣಿಯನ್ನೇ ೧೯೯೧ರ ಸೆಪ್ಟೆಂಬರ್ ೩೦ಕ್ಕೆ ರದ್ದುಪಡಿಸಿದರು. ಅಂದಿನಿಂದ ಅವು ಬ್ಯಾಂಕಿಗೆ ಸಲ್ಲುವುದಿಲ್ಲ. ಸಂಗ್ರಾಹಕರು ಕೊಡುವ ಬೆಲೆಯೂ ಸ್ವಲ್ಪವೇ. ೧೯೬೧ಕ್ಕೆ ಮುಂಚೆ ಇದೇ ಕುವೈತಿನಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತೆಂಬುದೂ, ೧೯೫೯ರಲ್ಲಿ ರಿಜರ್ವ್ ಬ್ಯಾಂಕಿನವರು ಗಲ್ಫಿಗಾಗಿಯೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿದ್ದರೆಂಬುದೂ ನಮ್ಮ ನಾಲಗೆಯ ತುದಿಗೆ ಬಂದಿತು. ಆದರೆ ಅದು ಪಾಠ ಹೇಳುವ ಸಮಯವಾಗಿರಲಿಲ್ಲ.

ಇದ್ದುದನ್ನು ಇದ್ದಂತೆ ಹೇಳಿದೆವು. ೨೦೨೧ರ ಆಗಸ್ಟಿನಲ್ಲಿಯೇ ರಿಜರ್ವ್ ಬ್ಯಾಂಕಿನವರು, ಹಳೆಯ ನೋಟು ನಾಣ್ಯಗಳ ವ್ಯಾಪಾರವನ್ನು ತಾವು ಮಾಡುವುದಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕೇಳುವುದಿಲ್ಲ, ತಮ್ಮ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ಪ್ರಕಟಿಸಿರುವುದನ್ನು ಹುಡುಗಿಗೆ ತೋರಿಸಿದೆವು. ಕಳೆದ ಒಂದೂವರೆ ಸಾವಿರದ ಬಗೆಗೆ ೧೯೩೦ ಎಂಬ ಸಂಖ್ಯೆಗೆ ದೂರು ಕೊಡಿಸಿದೆವು. ಹದಿನೆಂಟು ಸಾವಿರ ಉಳಿಯಿತು. ಆದರೆ ಆ ತಾಯಿಯ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಮೇಷ್ಟ್ರೇ, ಅವರು ಮರಳುಗಾಡಿನಾಗ ದುಡಿದದ್ದೆಲ್ಲ ಬರೇ ಕಾಗದಾತೇನು?” ಎಂದು ಕೇಳಿದರು. ಇದಕ್ಕೆ ಉತ್ತರವು ನಾವು ಓದಿದ ಯಾವ ಶಾಸ್ತ್ರದಲ್ಲಿಯೂ ತಟ್ಟನೆ ದೊರೆಯಲಿಲ್ಲ. “ಅಮ್ಮಾ, ಕಟ್ಟನ್ನು ಬಿಚ್ಚಿ ಒಂದೊಂದನ್ನೂ ಎಣಿಸಿ ಬರೆದಿಡೋಣ” ಎಂದಷ್ಟೇ ಹೇಳಿದೆವು.

ಹುಡುಗಿ ದಾರವನ್ನು ಬಿಚ್ಚಿದಳು. ಕಾಲು ದಿನಾರಿನವು ಮೂವತ್ತೊಂದು, ಅರ್ಧ ದಿನಾರಿನವು ಹದಿನಾರು. ಎಲ್ಲವೂ ಮಧ್ಯಮ ಇಲ್ಲವೆ ಜೀರ್ಣ. ಕಟ್ಟಿನ ನಡುವೆ ನಾಲ್ಕು ಮಡಿಕೆಯಾಗಿ ಒಂದು ಹಾಳೆಯಿತ್ತು. ಯಜಮಾನರ ಕೈಬರಹದಲ್ಲಿ ನೋಟುಗಳ ಲೆಕ್ಕ, ಕೆಳಗೆ ಮೊತ್ತ, ‘ಹದಿನೈದೂ ಮುಕ್ಕಾಲು ದಿನಾರು.’ ಅದರ ಕೆಳಗೆ ಬೇರೆ ಮಸಿಯಲ್ಲಿ ೧೯೯೨ರ ಒಂದು ತಾರೀಖು. ಅದರ ಮುಂದೆ, ‘ಬ್ಯಾಂಕಿನಲ್ಲಿ ಕೇಳಿದೆ. ನಡೆಯುವುದಿಲ್ಲ. ಮನೆಯಲ್ಲಿ ಹೇಳಿಲ್ಲ. ಇರಲಿ.’

ಆ ಹಾಳೆಯನ್ನು ಹುಡುಗಿ ಗಟ್ಟಿಯಾಗಿ ಓದಿದಳು. ಆ ತಾಯಿಯು ಅದನ್ನು ಕೈಗೆ ತೆಗೆದುಕೊಂಡು, ಗಂಡನ ಅಕ್ಷರವನ್ನು ಬೆರಳಿನಿಂದ ಸವರಿ, “ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟಾರೆ” ಎಂದರು. ಆಮೇಲೆ ತಾವಾಗಿಯೇ ಹೇಳತೊಡಗಿದರು: ಇರಾಕಿನವರು ಮೊದಲು ಕುವೈತಿನ ದಿನಾರನ್ನು ತಮ್ಮ ಅಗ್ಗದ ದಿನಾರಿಗೆ ಸಮವೆಂದುದು, ಆಮೇಲೆ ಅದನ್ನೇ ರದ್ದು ಮಾಡಿದುದು, ಕೂಲಿಯ ಲಕೋಟೆಯಲ್ಲಿ ಉಳಿದಿದ್ದ ಈ ಚಿಲ್ಲರೆಯನ್ನು ಅವರು ಬೂಟಿನ ಅಟ್ಟೆಯ ಒಳಗಿಟ್ಟು ಬಾಗ್ದಾದಿನ ಮಾರ್ಗವಾಗಿ ಅಮ್ಮಾನಿಗೆ ಬಂದುದು, ಅಲ್ಲಿ ಡೇರೆಗಳಲ್ಲಿ ಕಾದು, ಆ ವರ್ಷ ಲಕ್ಷಕ್ಕೂ ಮೀರಿದ ಭಾರತೀಯರನ್ನು ಕರೆತಂದ ವಿಮಾನಗಳಲ್ಲೊಂದನ್ನು ಏರಿ ಮುಂಬಯಿಗೆ ಇಳಿದುದು, ರೈಲಿನಿಂದ ಹರಿಹರದ ನಿಲ್ದಾಣದಲ್ಲಿ ಇಳಿದಾಗ ಮಗನಿಗೆ ಗುರುತೇ ಸಿಗದಿದ್ದುದು. ಆ ಮನೆಯಲ್ಲಿ ಈ ಕಥೆಯನ್ನು ಮೊಮ್ಮಗಳು ಅದುವರೆಗೆ ಪೂರ್ತಿಯಾಗಿ ಕೇಳಿರಲಿಲ್ಲ. ಅವಳು ಎಂಟನೆಯ ಅಂಕಣದಲ್ಲಿ ಅದನ್ನೆಲ್ಲ ಬರೆದುಕೊಂಡಳು. ಅಂಕಣ ಸಾಲದೆ ಮೂರು ಪುಟಗಳಾದವು. ನಾವು ಅವರ ಒತ್ತಾಯಕ್ಕೂ ಮಣಿಯದೆ ಆ ಕಟ್ಟಿನಿಂದ ಒಂದು ನೋಟನ್ನೂ ನಮ್ಮ ಸಂಗ್ರಹಕ್ಕೆ ತೆಗೆದುಕೊಳ್ಳಲಿಲ್ಲ. ಅವು ಆ ಮನೆಯಲ್ಲಿಯೇ ಇರತಕ್ಕವು. ಹುಡುಗಿಯ ಶುಲ್ಕವು ಆ ವಾರವೇ ಸಂದಾಯವಾಯಿತು.

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಪೆಟ್ಟಿಗೆಯ ತಳದಲ್ಲಿಯೋ ಹಳೆಯ ಡೈರಿಯಲ್ಲಿಯೋ ಪರದೇಶದ ನೋಟು ಸಿಕ್ಕಿದರೆ ಅದನ್ನು ಕಸಕ್ಕೆ ಹಾಕಬೇಡಿರಿ. ಅದರಿಂದ ಭಾಗ್ಯ ಬಂದಿತೆಂದೂ ಹಿಗ್ಗಬೇಡಿರಿ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಮುಂಗಡವಾಗಿ ನಿಮ್ಮಿಂದಲೇ ಹಣ ಕೇಳುವವನೊಡನೆ ಮಾತನ್ನು ಅಲ್ಲಿಗೇ ನಿಲ್ಲಿಸಿರಿ. ಲಿಪಿ, ಅಂಕಿ, ವರ್ಷ, ರುಜು, ಲಾಂಛನಗಳನ್ನು ಒಂದೊಂದಾಗಿ ನೋಡಿರಿ. ಒಂದು ಗುರುತನ್ನೇ ನೆಚ್ಚದೆ, ಅದು ಬೇರೆಲ್ಲಿಯಾದರೂ ಹರಡುತ್ತದೆಯೇ, ಎಲ್ಲಿಯಾದರೂ ತಪ್ಪುತ್ತದೆಯೇ ಎಂದು ವಿಚಾರಿಸಿರಿ. ಅದನ್ನು ತಂದ ಹಿರಿಯರು ಇನ್ನೂ ನಮ್ಮೊಡನೆ ಇದ್ದರೆ ಈ ಭಾನುವಾರವೇ ಅವರ ಬಳಿ ಕುಳಿತು, ಎಲ್ಲಿ, ಯಾವಾಗ, ಯಾವ ಕೆಲಸಕ್ಕೆ ಪ್ರತಿಯಾಗಿ ಅದು ಕೈಗೆ ಬಂದಿತೆಂದು ಕೇಳಿ ಬರೆದಿಡಿರಿ. ಮಿಕ್ಕ ಏಳು ಅಂಕಣಗಳನ್ನು ಸೂಚಿಗ್ರಂಥವನ್ನು ನೋಡಿ ಯಾವಾಗ ಬೇಕಾದರೂ ತುಂಬಬಹುದು. ಎಂಟನೆಯದನ್ನು ತುಂಬಬಲ್ಲವರು ಮನೆಯವರು ಮಾತ್ರ.